ಅಗ್ಗದ ಹಾಸಿಗೆಗೆ ಗಾಳಿ ತಂದ ಕಟ್ಟಡ: ಸಿಂಗಪುರದ ಖೂ ಟೆಕ್ ಪ್ವಾಟ್ ಆಸ್ಪತ್ರೆ, ಒಂದು ಪ್ರಕರಣ ಅಧ್ಯಯನ

ಸಿಂಗಪುರದ ಉತ್ತರಕ್ಕಿರುವ ಯಿಶುನ್ ಬಡಾವಣೆಯಲ್ಲಿ 2010ರಲ್ಲಿ ಬಾಗಿಲು ತೆರೆದ ಖೂ ಟೆಕ್ ಪ್ವಾಟ್ ಆಸ್ಪತ್ರೆಯನ್ನು ಹೆಚ್ಚಿನವರು ಅದರ ಹಸಿರಿನಿಂದ ಗುರುತಿಸುತ್ತಾರೆ. ಮಹಡಿಗಳಿಂದ ಇಳಿಬಿದ್ದ ಬಳ್ಳಿ, ನಡುವಿನ ತೋಟ, ಚಾವಣಿಯ ಮೇಲಿನ ತರಕಾರಿ ಮಡಿಗಳು ಫೋಟೊಗಳಲ್ಲಿ ಎದ್ದು ಕಾಣುತ್ತವೆ. ಈ ಕಟ್ಟಡದ ಆಕಾರಕ್ಕೆ ಕಾರಣ ಹುಡುಕುವವರು ಮಾತ್ರ ಅದರ ಅತಿ ಕಡಿಮೆ ದರದ ಹಾಸಿಗೆಯ ಬಳಿ ನಿಂತು ನೋಡಬೇಕು. ಸಿಂಗಪುರದ ಸರ್ಕಾರಿ ಆಸ್ಪತ್ರೆಗಳಲ್ಲಿ ಎ ದರ್ಜೆಯ ರೋಗಿಗೆ ಪ್ರತ್ಯೇಕ ಕೊಠಡಿ, ಎಸಿ ಸಿಗುತ್ತದೆ. ಬಿ2 ಮತ್ತು ಸಿ ದರ್ಜೆಯ ಸಾಮಾನ್ಯ ವಾರ್ಡ್‌ಗಳಿಗೆ ಸರ್ಕಾರದ ಸಹಾಯಧನ ಹೆಚ್ಚು, ಆದರೆ ಎಸಿ ಇಲ್ಲ. ಕಿಟಕಿ ಮತ್ತು ಫ್ಯಾನ್ ಮಾತ್ರ. ಭೂಮಧ್ಯರೇಖೆಯಿಂದ ಒಂದೂಕಾಲು ಡಿಗ್ರಿಯಷ್ಟೇ ಉತ್ತರಕ್ಕಿರುವ, ವರ್ಷವಿಡೀ ಬೆವರಿಳಿಸುವ ಊರಿನಲ್ಲಿ ಈ ರೋಗಿಗಳನ್ನು ಹೇಗೆ ನೆಮ್ಮದಿಯಾಗಿಡುವುದು ಎಂಬ ಪ್ರಶ್ನೆಯನ್ನು ಇಲ್ಲಿನ ಆರ್ಕಿಟೆಕ್ಟರು ಮೊದಲ ನಕ್ಷೆಯಲ್ಲೇ ಎತ್ತಿಕೊಂಡರು. ಉಳಿದದ್ದೆಲ್ಲ ಅದರ ಹಿಂದೆ ಬಂತು.

ನಿವೇಶನ ಮತ್ತು ಬೇಡಿಕೆ

ನಿವೇಶನ 3.4 ಹೆಕ್ಟೇರ್, ಅಂದರೆ ಸುಮಾರು ಎಂಟೂವರೆ ಎಕರೆ. ಅದರಲ್ಲಿ 550ರಷ್ಟು ಹಾಸಿಗೆ, ತುರ್ತು ಚಿಕಿತ್ಸೆ, ಶಸ್ತ್ರಚಿಕಿತ್ಸೆ, ಹೊರರೋಗಿ ವಿಭಾಗ ಎಲ್ಲವೂ ಕೂರಬೇಕಿತ್ತು. ಸುತ್ತ ಎತ್ತರದ ವಸತಿ ಕಟ್ಟಡಗಳು, ಪಕ್ಕದಲ್ಲಿ ಮಳೆನೀರು ಹಿಡಿಯಲು ಮಾಡಿದ ಯಿಶುನ್ ಕೆರೆ. ವಿನ್ಯಾಸ ಮಾಡಿದ್ದು ಸಿಪಿಜಿ ಸಂಸ್ಥೆ, ಆಸ್ಪತ್ರೆ ಯೋಜನೆಯಲ್ಲಿ ಹಿಲಿಯರ್ ಸಂಸ್ಥೆಯ ಜೊತೆಗೂಡಿ. ಬ್ಯಾಂಕರ್ ಖೂ ಟೆಕ್ ಪ್ವಾಟ್ ಅವರ ಕುಟುಂಬ 12.5 ಕೋಟಿ ಸಿಂಗಪುರ ಡಾಲರ್ ದಾನ ಕೊಟ್ಟಿದ್ದರಿಂದ ಆ ಹೆಸರು.

ಹಳೆಯ ಅಲೆಕ್ಸಾಂಡ್ರಾ ಆಸ್ಪತ್ರೆಯ ತಂಡವೇ ಇಲ್ಲಿಗೆ ಬಂದು ನೆಲೆಯೂರಿತು. ಅದು ಬ್ರಿಟಿಷರ ಕಾಲದ ಸೇನಾ ಆಸ್ಪತ್ರೆ. ಉದ್ದನೆಯ ವರಾಂಡ, ಎತ್ತರದ ಚಾವಣಿ, ಸುತ್ತ ಮರಗಳು. ಅಲ್ಲಿ ತೋಟ ಬೆಳೆಸಿ, ರೋಗಿಗಳ ಮೇಲೆ ಅದರ ಪರಿಣಾಮವನ್ನು ದಿನವೂ ಕಂಡಿದ್ದ ಆಡಳಿತ ವರ್ಗ ಹೊಸ ಆಸ್ಪತ್ರೆಗೂ ಅದನ್ನೇ ಕೇಳಿತು. ಒಳಗೆ ಕಾಲಿಟ್ಟವರ ರಕ್ತದೊತ್ತಡ ಇಳಿಯಬೇಕು ಎಂಬುದು ಆಗಿನ ಮುಖ್ಯಸ್ಥ ಲಿಯಾಕ್ ಟೆಂಗ್ ಲಿಟ್ ಅವರ ಬೇಡಿಕೆಯಾಗಿತ್ತು. ಇದಕ್ಕೆ ವೈದ್ಯಕೀಯ ಆಧಾರವೂ ಇತ್ತು. 1984ರಲ್ಲಿ ಸಂಶೋಧಕ ರೋಜರ್ ಉಲ್ರಿಚ್ ಪ್ರಕಟಿಸಿದ ಅಧ್ಯಯನದಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳನ್ನು ಹೋಲಿಸಲಾಗಿತ್ತು. ಕಿಟಕಿಯಿಂದ ಮರ ಕಾಣುತ್ತಿದ್ದವರು ಸರಾಸರಿ 7.96 ದಿನಕ್ಕೆ ಮನೆಗೆ ಹೋದರೆ, ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗೆ 8.70 ದಿನ ಬೇಕಾಯಿತು. ಸಣ್ಣ ಅಧ್ಯಯನವೇ, ಆದರೆ ಕಿಟಕಿಯ ಜಾಗವನ್ನು ಚಿಕಿತ್ಸೆಯ ಲೆಕ್ಕಕ್ಕೆ ಸೇರಿಸಿದ್ದು ಅದು.

ಯಾವ ಕೋಣೆಗೆ ಎಸಿ ಬೇಡ?

ಬಿಸಿ ಪ್ರದೇಶದ ಆಸ್ಪತ್ರೆಯಲ್ಲಿ ವಿದ್ಯುತ್ ಬಿಲ್ಲಿನ ಅತಿ ದೊಡ್ಡ ಪಾಲು ತಂಪು ಮಾಡುವುದಕ್ಕೇ ಹೋಗುತ್ತದೆ. ಈ ಖರ್ಚನ್ನು ಇಳಿಸುವ ಕೆಲಸವನ್ನು ಸಾಮಾನ್ಯವಾಗಿ ಯಂತ್ರಗಳ ಎಂಜಿನಿಯರಿಗೆ ಬಿಡುತ್ತಾರೆ. ಅವರು ಒಳ್ಳೆಯ ಚಿಲ್ಲರ್ (ಎಸಿಗೆ ನೀರು ತಣಿಸುವ ಯಂತ್ರ) ಆರಿಸುತ್ತಾರೆ, ಪಂಪಿಗೆ ವೇಗ ನಿಯಂತ್ರಕ ಹಾಕುತ್ತಾರೆ. ಅದೆಲ್ಲ ಬೇಕು. ಆದರೆ ತಂಪು ಮಾಡಬೇಕಾದ ಜಾಗವನ್ನೇ ಕಡಿಮೆ ಮಾಡುವ ಅಧಿಕಾರ ಆರ್ಕಿಟೆಕ್ಟಿನ ಕೈಯಲ್ಲಿದೆ, ಅದೂ ನಕ್ಷೆಯ ಆರಂಭದ ವಾರಗಳಲ್ಲಿ ಮಾತ್ರ.

ಕೆಲವು ಕೋಣೆಗಳ ವಿಷಯದಲ್ಲಿ ಚರ್ಚೆಗೆ ಆಸ್ಪದವಿಲ್ಲ. ಆಪರೇಷನ್ ಥಿಯೇಟರಿಗೆ ಗಂಟೆಗೆ 20 ಸಲ ಗಾಳಿ ಬದಲಾಗಬೇಕು, ಅದರಲ್ಲಿ ಕನಿಷ್ಠ 4 ಸಲದ್ದು ಹೊರಗಿನ ತಾಜಾ ಗಾಳಿ. ಗಾಳಿಯಿಂದ ಹರಡುವ ಸೋಂಕಿನ ರೋಗಿಯ ಪ್ರತ್ಯೇಕ ಕೊಠಡಿಯಲ್ಲಿ ಗಂಟೆಗೆ 12 ಸಲ ಬದಲಾಗಬೇಕು, ಹೊರಗಿಗಿಂತ 2.5 ಪ್ಯಾಸ್ಕಲ್ ಕಡಿಮೆ ಒತ್ತಡವೂ ಇರಬೇಕು. ಐಸಿಯು, ಪ್ರಯೋಗಾಲಯ, ಸ್ಕ್ಯಾನಿಂಗ್ ಕೋಣೆಗಳೂ ಯಂತ್ರದ ಗಾಳಿಯಲ್ಲೇ ಇರಬೇಕು. ಸಾಮಾನ್ಯ ವಾರ್ಡ್, ಓಡಾಟದ ಕಾರಿಡಾರ್, ಲಿಫ್ಟ್ ಲಾಬಿ, ಕಾಯುವ ಜಾಗ, ಊಟದ ಜಾಗಗಳಿಗೆ ಇಂಥ ಕಟ್ಟುಪಾಡಿಲ್ಲ. ಹಾಸಿಗೆಯ ಲೆಕ್ಕ ಹಿಡಿದರೂ ಚದರಡಿಯ ಲೆಕ್ಕ ಹಿಡಿದರೂ ದೊಡ್ಡ ಪಾಲು ಇವುಗಳದ್ದೇ.

ಈ ಎರಡು ಬಗೆಯ ಕೋಣೆಗಳಿಗೆ ಬೇಕಾದ ಕಟ್ಟಡವೂ ಎರಡು ಬಗೆಯದು. ಎಸಿ ಕೋಣೆಗಳಿರುವ ಮಹಡಿ ಅಗಲವಾಗಿ, ಆಳವಾಗಿದ್ದರೂ ನಡೆಯುತ್ತದೆ. ಡಕ್ಟ್ (ತಂಪು ಗಾಳಿ ಸಾಗಿಸುವ ಕೊಳವೆ) ಓಡಿಸಲು ಮಹಡಿಯಿಂದ ಮಹಡಿಗೆ 4.5 ಮೀಟರ್ ಎತ್ತರ ಬೇಕು. ಗಾಳಿ ಹಾಯುವ ವಾರ್ಡ್ ತೆಳ್ಳಗಿರಬೇಕು. ಎರಡೂ ಕಡೆ ತೆರೆದಿದ್ದರೆ ಚಾವಣಿ ಎತ್ತರದ ಸುಮಾರು 5 ಪಟ್ಟು ಆಳದವರೆಗೆ, ಅಂದರೆ 3 ಮೀಟರ್ ಎತ್ತರದ ಕೋಣೆಯಲ್ಲಿ 15 ಮೀಟರ್‌ವರೆಗೆ ಗಾಳಿ ಹಾಯುತ್ತದೆ. ಒಂದೇ ಕಡೆ ಕಿಟಕಿಯಿದ್ದರೆ 6–7 ಮೀಟರಿಗೆ ಮುಗಿಯಿತು. ಡಕ್ಟ್ ಇಲ್ಲದಿರುವುದರಿಂದ ಮಹಡಿಯ ಎತ್ತರ ಕಡಿಮೆ ಸಾಕು. ಇವೆರಡನ್ನೂ ಒಂದೇ ದಪ್ಪ ಡಬ್ಬದೊಳಗೆ ತುಂಬಿದರೆ ವಾರ್ಡಿಗೆ ಮುಂದೆ ಎಂದಿಗೂ ಗಾಳಿ ಸಿಗದು. ಯಿಶುನ್‌ನಲ್ಲಿ ಸಹಾಯಧನದ ವಾರ್ಡ್‌ಗಳ ಗೋಪುರ, ಖಾಸಗಿ ವಾರ್ಡ್‌ಗಳ ಗೋಪುರ, ತಜ್ಞರ ಹೊರರೋಗಿ ಚಿಕಿತ್ಸಾಲಯ ಎಂದು ಮೂರು ಭಾಗ ಮಾಡಿದ್ದು ಈ ಕಾರಣಕ್ಕೇ ಕೆಲಸಕ್ಕೆ ಬಂತು.

ತೆರೆದ ಅಂಗಳ

ಮೂರು ಭಾಗಗಳು ಒಂದು ಅಂಗಳವನ್ನು ಸುತ್ತುವರಿದಿವೆ. ನಮ್ಮ ತೊಟ್ಟಿಮನೆಯ ಹಾಗೆ ನಾಲ್ಕೂ ಕಡೆ ಮುಚ್ಚಿದ ಅಂಗಳವಲ್ಲ. ಇಂಗ್ಲಿಷ್ ‘ವಿ’ ಅಕ್ಷರದಂತೆ ಉತ್ತರಕ್ಕೆ, ಕೆರೆಯತ್ತ ಬಾಯ್ದೆರೆದಿದೆ. ಎತ್ತರದ ಕಟ್ಟಡಗಳ ನಡುವೆ ನಾಲ್ಕೂ ಕಡೆ ಮುಚ್ಚಿದ ಅಂಗಳ ಬಾವಿಯಂತಾಗಿ, ಮೇಲೆ ಬೀಸುವ ಗಾಳಿ ಕೆಳಗಿಳಿಯದೆ ಹಾದುಹೋಗುತ್ತದೆ. ಒಂದು ಕಡೆ ತೆರೆದಿದ್ದರಿಂದ ಕೆರೆಯ ಮೇಲೆ ಅಡ್ಡಿಯಿಲ್ಲದೆ ಬರುವ ಉತ್ತರದ ಗಾಳಿ ನೇರವಾಗಿ ಅಂಗಳಕ್ಕೆ ನುಗ್ಗುತ್ತದೆ. ದಟ್ಟ ನಗರದಲ್ಲಿ ನೀರಿನ ಹರವು ಎಂದರೆ ಮುಂದೆ ಯಾರೂ ಕಟ್ಟಡ ಎಬ್ಬಿಸಿ ಗಾಳಿ ತಡೆಯಲಾಗದ ಜಾಗ. ಅದನ್ನು ಹಿತ್ತಲು ಮಾಡಿಕೊಳ್ಳದೆ ಮುಂಬಾಗಿಲು ಮಾಡಿಕೊಂಡದ್ದು ಈ ವಿನ್ಯಾಸದ ಅತ್ಯುತ್ತಮ ನಿರ್ಧಾರ.

ಅಂಗಳವನ್ನು ನೆಲಮಾಳಿಗೆಯವರೆಗೂ ಇಳಿಸಿದ್ದಾರೆ. ಇದರಿಂದ ನೆಲಮಾಳಿಗೆಗೂ ಬೆಳಕು, ಗಾಳಿ ಸಿಗುತ್ತದೆ. ಸಾಮಾನ್ಯವಾಗಿ ಹಗಲಿಡೀ ದೀಪ, ಫ್ಯಾನ್ ಬೇಡುವ ಜಾಗ ಅದು.

ವಾರ್ಡಿನ ಲೆಕ್ಕ

ಇಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಹೆಚ್ಚಿನ ಯೋಜನೆಗಳು ಸೋಲುವುದು ಇಲ್ಲೇ.

ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿಯ ಪ್ರಕಾರ ನೈಸರ್ಗಿಕ ಗಾಳಿಯ ಸಾಮಾನ್ಯ ವಾರ್ಡಿನಲ್ಲಿ ಸೋಂಕು ತಡೆಯಲು ಪ್ರತಿ ರೋಗಿಗೆ ಸೆಕೆಂಡಿಗೆ 60 ಲೀಟರ್ ತಾಜಾ ಗಾಳಿ ಬೇಕು. ಅಂದಾಜಿಗೆ ಅದೇ ಮಾರ್ಗಸೂಚಿ ಒಂದು ಸರಳ ಸೂತ್ರ ಕೊಡುತ್ತದೆ: 0.65ನ್ನು ಗಾಳಿಯ ವೇಗದಿಂದ, ನಂತರ ಅತಿ ಚಿಕ್ಕ ತೆರಪಿನ ವಿಸ್ತೀರ್ಣದಿಂದ, ಕೊನೆಗೆ 1,000ದಿಂದ ಗುಣಿಸಿದರೆ ಸೆಕೆಂಡಿಗೆ ಎಷ್ಟು ಲೀಟರ್ ಎಂದು ಸಿಗುತ್ತದೆ. ವೇಗ ಸೆಕೆಂಡಿಗೆ ಇಷ್ಟು ಮೀಟರ್ ಎಂಬ ಲೆಕ್ಕದಲ್ಲಿ, ವಿಸ್ತೀರ್ಣ ಚದರ ಮೀಟರಿನಲ್ಲಿ.

ಐದು ಹಾಸಿಗೆಯ, 50 ಚದರ ಮೀಟರ್ ನೆಲದ, 3 ಮೀಟರ್ ಎತ್ತರದ ವಾರ್ಡನ್ನು ಉದಾಹರಣೆಗೆ ಹಿಡಿಯೋಣ. ಬೇಕಾದದ್ದು 300 ಲೀಟರ್. ಗಾಳಿ ಅರ್ಧ ಮೀಟರ್ ವೇಗದಲ್ಲಿ ಬೀಸುತ್ತಿದ್ದು, ತೆರಪು 2 ಚದರ ಮೀಟರ್ ಇದ್ದರೆ 650 ಲೀಟರ್ ಸಿಗುತ್ತದೆ. ಸೊಳ್ಳೆ ಜಾಲರಿ ಹಾಕಿದರೆ ಹರಿವು ಅರ್ಧಕ್ಕಿಳಿಯಬಹುದು. ಆಗಲೂ 325, ಪರವಾಗಿಲ್ಲ. ಆದರೆ ಒಂದು ಮಾನ್ಸೂನ್ ಮುಗಿದು ಇನ್ನೊಂದು ಶುರುವಾಗುವ ನಡುವಿನ ನಿಶ್ಚಲ ವಾರಗಳಲ್ಲಿ ವೇಗ 0.2 ಮೀಟರಿಗೆ ಇಳಿದರೆ ಅದೇ ಜಾಲರಿಯ ಕಿಟಕಿಯಿಂದ ಬರುವುದು 130 ಲೀಟರ್ ಮಾತ್ರ. ಆ ವಾರಗಳಲ್ಲೂ 300 ದಾಟಬೇಕೆಂದರೆ ತೆರಪು 5 ಚದರ ಮೀಟರ್ ಆಗಬೇಕು. ವಿನ್ಯಾಸ ಮಾಡಬೇಕಾದದ್ದು ಈ ನಿಶ್ಚಲ ವಾರಕ್ಕೆ. ವರ್ಷದ ಸರಾಸರಿ ಗಾಳಿಯನ್ನು ಹಿಡಿದು ಲೆಕ್ಕ ಹಾಕಿದ ವಾರ್ಡ್ ಏಪ್ರಿಲ್‌ನಲ್ಲಿ ಉಸಿರುಗಟ್ಟಿಸುತ್ತದೆ.

ಸೂತ್ರದಲ್ಲಿ ‘ಅತಿ ಚಿಕ್ಕ ತೆರಪು’ ಎಂದಿರುವುದನ್ನು ಮರೆಯುವವರು ಬಹಳ. ಮುಂಭಾಗದಲ್ಲಿ ದೊಡ್ಡ ಕಿಟಕಿ ಇಟ್ಟು, ಕಾರಿಡಾರ್ ಕಡೆ ಒಂದು ಬಾಗಿಲು ಮತ್ತು ಮೇಲೊಂದು ವೆಂಟಿಲೇಟರ್ ಬಿಟ್ಟರೆ ಲೆಕ್ಕಕ್ಕೆ ಬರುವುದು ಆ ವೆಂಟಿಲೇಟರಿನ ಅಳತೆಯೇ. ಗಾಳಿ ಹೊರಹೋಗುವ ದಾರಿ ಒಳಬರುವ ದಾರಿಯಷ್ಟೇ ಅಗಲವಿರಬೇಕು, ಹೋಗಿ ಸೇರುವ ಜಾಗ ಆಕಾಶಕ್ಕೆ ತೆರೆದಿರಬೇಕು. ಕಾರಿಡಾರಿಗೆ ಗಾಜು ಹಾಕಿ ಎಸಿ ಮಾಡಿದ ದಿನವೇ ಎರಡೂ ಬದಿಯ ವಾರ್ಡ್‌ಗಳು ಸತ್ತಂತೆ.

ಸೋಂಕಿನ ಲೆಕ್ಕ ಮುಗಿದ ಮೇಲೆ ಸೆಕೆಯ ಲೆಕ್ಕ. ಮೈಮೇಲೆ ಸೆಕೆಂಡಿಗೆ 0.6ರಿಂದ 0.8 ಮೀಟರ್ ವೇಗದ ಗಾಳಿ ಹಾಯ್ದರೆ ರೋಗಿಗೆ ಎರಡರಿಂದ ಎರಡೂವರೆ ಡಿಗ್ರಿ ತಂಪೆನಿಸುತ್ತದೆ. ಸೋಂಕು ತಡೆಗೆ ಬೇಕಾದ ಗಾಳಿ ಕೋಣೆಯೊಳಗೆ ಎಲ್ಲಿ ಹಾಯ್ದರೂ ಸರಿ, ಸೆಕೆ ತಡೆಗೆ ಬೇಕಾದದ್ದು ಹಾಸಿಗೆಯ ಮಟ್ಟದಲ್ಲೇ ಹಾಯಬೇಕು. ಕಿಟಕಿಯ ತಳ ನೆಲದಿಂದ 1.2 ಮೀಟರ್ ಎತ್ತರದಲ್ಲಿದ್ದರೆ ಗಾಳಿ ಮಲಗಿದವರ ಮೇಲಿಂದ ದಾಟಿಹೋಗುತ್ತದೆ, 0.6ರಿಂದ 0.7 ಮೀಟರ್ ಸರಿಯಾದ ಎತ್ತರ, ಹೊರಗೆ ಕಂಬಿಯೊಂದಿಗೆ. ಹಾಸಿಗೆ ಸುತ್ತಲಿನ ಪರದೆ ಚಾವಣಿಯವರೆಗೆ ಒತ್ತಾದ ಬಟ್ಟೆಯದ್ದಾದರೆ ಗಾಳಿ ಅಲ್ಲೇ ನಿಲ್ಲುತ್ತದೆ. ಪರದೆಯ ಮೇಲಿನ ಅರ್ಧ ಮೀಟರ್ ಜಾಲರಿಯಾಗಿರಬೇಕು, ಕೆಳಗೆ 30–40 ಸೆಂಟಿಮೀಟರ್ ಖಾಲಿ ಬಿಡಬೇಕು. ಪರದೆ ಖರೀದಿಸುವುದು ಬೇರೆ ಇಲಾಖೆ. ಅವರ ಪಟ್ಟಿಗೆ ಈ ವಿವರ ಸೇರಿಸುವುದು ಆರ್ಕಿಟೆಕ್ಟಿನ ಕೆಲಸ.

ಯಿಶುನ್ ವಾರ್ಡ್‌ಗಳ ಹೊರಗೋಡೆಯಲ್ಲಿ ಎದ್ದು ಕಾಣುವುದು ಲಂಬವಾಗಿ ಚಾಚಿದ ಅಲ್ಯೂಮಿನಿಯಂ ರೆಕ್ಕೆಗಳು. ಗಾಳಿ ಗೋಡೆಗೆ ಓರೆಯಾಗಿ ಬಂದಾಗ ಸುಮ್ಮನೆ ಜಾರಿಹೋಗದಂತೆ ಅವು ತಡೆಯುತ್ತವೆ. ಒಂದು ಬದಿಯಲ್ಲಿ ಒತ್ತಡ ಏರಿ ಗಾಳಿ ಒಳಗೆ ತಿರುಗುತ್ತದೆ. ಸಿಂಗಪುರ ರಾಷ್ಟ್ರೀಯ ವಿಶ್ವವಿದ್ಯಾಲಯದ ಗಾಳಿ ಸುರಂಗದಲ್ಲಿ ಮಾದರಿಯನ್ನಿಟ್ಟು ಪರೀಕ್ಷಿಸಿದಾಗ ಹರಿವು ಶೇ 20–30ರಷ್ಟು ಹೆಚ್ಚುವುದು ಕಂಡುಬಂದಿತ್ತು. ಮೇಲಿನ ಲೆಕ್ಕದಲ್ಲಿ ಈ ಹೆಚ್ಚಳ ಎಂದರೆ ನಿಶ್ಚಲ ವಾರಗಳಲ್ಲಿ ಸೋಲು–ಗೆಲುವಿನ ಅಂತರ.

ಮಳೆಯದ್ದು ಮತ್ತೊಂದು ತಲೆನೋವು. ಸಿಂಗಪುರದಲ್ಲಿ ವರ್ಷಕ್ಕೆ 2,000 ಮಿಲಿಮೀಟರಿಗೂ ಹೆಚ್ಚು ಮಳೆ. ಗಾಳಿ ಜೋರಾದಾಗಲೇ ಎರಚಲು ಹೊಡೆಯುತ್ತದೆ. ಆಗ ನರ್ಸ್‌ಗಳು ಕಿಟಕಿ ಮುಚ್ಚುತ್ತಾರೆ, ಮಳೆ ನಿಂತ ಮೇಲೂ ಗಡಿಬಿಡಿಯಲ್ಲಿ ತೆರೆಯಲು ಮರೆಯುತ್ತಾರೆ. ಇದನ್ನು ಸಿಬ್ಬಂದಿಯ ಶಿಸ್ತಿಗೆ ಬಿಡಬಾರದು. ಯಿಶುನ್‌ನಲ್ಲಿ ಮೇಲಿನ ಕಿಟಕಿ ಮುಚ್ಚಿದರೂ ಗಾಳಿ ಬರುವಂತೆ ಕೆಳಮಟ್ಟದಲ್ಲಿ, ಮಳೆಯ ಹೊಡೆತಕ್ಕೆ ಸಿಗದ ‘ಮಳೆಗಾಲದ ಕಿಟಕಿ’ ಇಟ್ಟಿದ್ದಾರೆ. ಹಾಸಿಗೆಯ ಮಟ್ಟಕ್ಕೆ ಗಾಳಿ ಕೊಡುವುದೂ ಅದೇ.

ಬಿಸಿಲಿಗೆ ಸಜ್ಜಾ, ಒಳಗೆ ಬೆಳಕು ಚೆಲ್ಲಲು ಬಿಳಿ ಹಲಗೆ. ಸಿಂಗಪುರದಲ್ಲಿ ಸೂರ್ಯ ಅರ್ಧ ವರ್ಷ ಉತ್ತರಕ್ಕೆ, ಅರ್ಧ ವರ್ಷ ದಕ್ಷಿಣಕ್ಕೆ ಇರುತ್ತಾನೆ. ಮಧ್ಯಾಹ್ನದ ಎತ್ತರ 65 ಡಿಗ್ರಿಗಿಂತ ಕೆಳಗಿಳಿಯದ ಕಾರಣ ಒಂದೂವರೆ ಮೀಟರ್ ಎತ್ತರದ ಕಿಟಕಿಗೆ 70 ಸೆಂಟಿಮೀಟರ್ ಸಜ್ಜಾ ಸಾಕು, ಆದರೆ ಎರಡೂ ಮುಖಕ್ಕೂ ಬೇಕು. ಪೂರ್ವ–ಪಶ್ಚಿಮದ ಓರೆ ಬಿಸಿಲನ್ನು ಯಾವ ಸಜ್ಜಾವೂ ತಡೆಯದು. ಅಲ್ಲಿ ಹಾಸಿಗೆ ಇಡದೆ ಮೆಟ್ಟಿಲು, ಶೌಚಾಲಯ, ದಾಸ್ತಾನು ಕೋಣೆ ಇಡುವುದೇ ಜಾಣತನ.

ಸೋಂಕು

2003ರಲ್ಲಿ ಹರಡಿದ ಸಾರ್ಸ್ ಎಂಬ ಉಸಿರಾಟದ ಸಾಂಕ್ರಾಮಿಕದಲ್ಲಿ ಸಿಂಗಪುರದ 238 ಮಂದಿಗೆ ಸೋಂಕು ತಗುಲಿ 33 ಮಂದಿ ತೀರಿಕೊಂಡರು. ಅದು ಮುಖ್ಯವಾಗಿ ಹರಡಿದ್ದು ಆಸ್ಪತ್ರೆಗಳೊಳಗೇ. ಆಮೇಲೆ ಯೋಜನೆಯಾದ ಆಸ್ಪತ್ರೆ ಇದು. ಯಂತ್ರದ ಎಸಿ ವಾರ್ಡಿನಲ್ಲಿ ಗಂಟೆಗೆ ಸುಮಾರು 2 ಸಲ ತಾಜಾ ಗಾಳಿ ಬಂದರೆ, ಮೇಲಿನ ಉದಾಹರಣೆಯ ವಾರ್ಡಿನಲ್ಲಿ 300 ಲೀಟರ್ ಎಂದರೆ ಗಂಟೆಗೆ 7 ಸಲ. ಅಗ್ಗದ ವಾರ್ಡ್ ಈ ಒಂದು ವಿಷಯದಲ್ಲಿ ದುಬಾರಿ ವಾರ್ಡಿಗಿಂತ ಸುರಕ್ಷಿತ.

ಹಾಗೆಂದು ಗಾಳಿಯನ್ನು ಪೂರ್ತಿ ನಂಬಿ ಕೂರುವಂತಿಲ್ಲ. ಅದು ದಿಕ್ಕು ಬದಲಿಸಿದಾಗ ರೋಗಿಯ ಕೋಣೆಯ ಗಾಳಿ ನರ್ಸ್‌ಗಳ ಕೌಂಟರಿನತ್ತ ತಿರುಗುತ್ತದೆ. ಕ್ಷಯ, ದಡಾರದಂಥ ರೋಗಿಗಳಿಗೆ ಒತ್ತಡ ನಿಯಂತ್ರಿಸಿದ ಕೊಠಡಿಯೇ ಬೇಕು; ನೈಸರ್ಗಿಕ ಗಾಳಿಯಲ್ಲೇ ಇಡಬೇಕಾಗಿ ಬಂದರೆ ಮಾರ್ಗಸೂಚಿ ಪ್ರತಿ ರೋಗಿಗೆ 160 ಲೀಟರ್ ಕೇಳುತ್ತದೆ, ಅಂಥ ಕೋಣೆ ಸಾಲಿನ ಕೊನೆಯಲ್ಲಿ, ಗಾಳಿ ಹೊರಹೋಗುವ ತುದಿಯಲ್ಲಿರಬೇಕು.

ಹಸಿರಿನ ಹೊರೆ

ತೋಟವನ್ನು ನಕ್ಷೆಯಲ್ಲಿ ಬಿಡಿಸುವುದು ಸುಲಭ, ಹತ್ತು ವರ್ಷ ಉಳಿಸುವುದು ಕಷ್ಟ. 60 ಸೆಂಟಿಮೀಟರ್ ಮಣ್ಣು ನೆನೆದಾಗ ಚದರ ಮೀಟರಿಗೆ ಒಂದು ಟನ್ ದಾಟುತ್ತದೆ. ಸ್ಲ್ಯಾಬಿನ ಲೆಕ್ಕಕ್ಕೆ ಇದು ಮೊದಲೇ ಸೇರದಿದ್ದರೆ ಕೊನೆಗೆ ಉಳಿಯುವುದು ಪ್ಲಾಸ್ಟಿಕ್ ಕುಂಡ. ಜಲನಿರೋಧಕ ಪದರದ ಮೇಲೆ ಬೇರು ತಡೆಯುವ ಹಾಳೆ, ಮಣ್ಣು ತುಂಬುವ ಮುನ್ನ ಕನಿಷ್ಠ 48 ಗಂಟೆ ನೀರು ನಿಲ್ಲಿಸಿ ಪರೀಕ್ಷೆ, ಮೊದಲ ಕೊಳವೆ ಕಟ್ಟಿಕೊಂಡರೂ ನೀರು ಉಕ್ಕಿ ಹರಿಯಲು ಎರಡನೆಯ ಕೊಳವೆ ಬೇಕು. ಮಾಲಿ ಹೋಗಲು 60 ಸೆಂಟಿಮೀಟರ್ ಓಣಿ, ಸುರಕ್ಷಾ ಬೆಲ್ಟ್ ಸಿಕ್ಕಿಸಲು ಕೊಕ್ಕೆ ಬೇಕು. ಮಾಲಿ ವಾರ್ಡಿನೊಳಗಿಂದ ಹಾದು ಗಿಡದ ಬಳಿ ಹೋಗಬೇಕಾದರೆ ಆ ಗಿಡ ಬಹುಕಾಲ ಬಾಳದು.

ಮಣ್ಣಿನಲ್ಲಿ ಆಸ್ಪರ್ಜಿಲಸ್ ಶಿಲೀಂಧ್ರವಿರುತ್ತದೆ. ಆರೋಗ್ಯವಂತರಿಗೆ ತೊಂದರೆಯಿಲ್ಲ, ಕ್ಯಾನ್ಸರ್ ಚಿಕಿತ್ಸೆ ಅಥವಾ ಅಂಗಕಸಿಯಾದವರಿಗೆ ಪ್ರಾಣಾಂತಿಕ. ಅಂಥ ವಾರ್ಡಿನ ಹತ್ತಿರ, ಯಂತ್ರಗಳು ಗಾಳಿ ಎಳೆದುಕೊಳ್ಳುವ ಬಾಯಿಯ ಹತ್ತಿರ ಮಣ್ಣಿನ ತೊಟ್ಟಿ ಇಡಬಾರದು. ಆ ಬಾಯಿ ಎಸಿಯ ಶಾಖ ಹೊರಬಿಡುವ ಕೂಲಿಂಗ್ ಟವರಿನಿಂದ, ಹೊಗೆ ಕೊಳವೆಗಳಿಂದ ಸುಮಾರು 8 ಮೀಟರ್ ದೂರವಿರಬೇಕೆಂಬ ನಿಯಮವೂ ಇದೆ. ದಟ್ಟ ನಿವೇಶನದಲ್ಲಿ ಪಕ್ಕದ ಕಟ್ಟಡದ ಟವರನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಯಿಶುನ್‌ನಲ್ಲಿ ಗಿಡಗಳಿಗೆ ಕೆರೆಯ ನೀರನ್ನೇ ಬಳಸುತ್ತಾರೆ. ಚಾವಣಿಯ ತರಕಾರಿ, ಹಣ್ಣಿನ ತೋಟವನ್ನು ಸುತ್ತಲಿನ ನಿವಾಸಿಗಳು ಸ್ವಯಂಸೇವಕರಾಗಿ ನೋಡಿಕೊಳ್ಳುತ್ತಾರೆ. ಕೆರೆದಂಡೆಯ ನಡಿಗೆ ದಾರಿ ಆಸ್ಪತ್ರೆಗೂ ಬಡಾವಣೆಗೂ ಒಂದೇ. ಇದರಿಂದ ತೋಟಕ್ಕೆ ಆಸ್ಪತ್ರೆಯ ಬಜೆಟ್ಟಿನ ಹೊರಗೂ ವಾರಸುದಾರರು ಸಿಕ್ಕಿದ್ದಾರೆ. ಬಜೆಟ್ ಕಡಿತವಾದಾಗ ಮೊದಲು ಒಣಗುವುದು ತೋಟ ಎಂದು ಬಲ್ಲವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಹೊಗೆ ಕವಿದಾಗ

ತೆರೆದ ವಾರ್ಡಿನ ದೊಡ್ಡ ದೌರ್ಬಲ್ಯ ಬಯಲಾದದ್ದು ನೆರೆಯ ಸುಮಾತ್ರಾದ ಕಾಡು, ಜೌಗು ನೆಲಗಳ ಬೆಂಕಿಯ ಹೊಗೆ ಸಿಂಗಪುರವನ್ನು ಮುತ್ತಿದಾಗ. 2013ರ ಜೂನ್ 21ರಂದು ಅಲ್ಲಿನ ಮಾಲಿನ್ಯ ಸೂಚ್ಯಂಕ 401 ಮುಟ್ಟಿತು. 300 ದಾಟಿದರೇ ಅಪಾಯದ ಮಟ್ಟ. ಗಾಳಿ ಬಿಟ್ಟುಕೊಳ್ಳಲೆಂದೇ ಕಟ್ಟಿದ ವಾರ್ಡ್‌ಗಳು ಆಗ ಹೊಗೆಯನ್ನೂ ಬಿಟ್ಟುಕೊಳ್ಳುತ್ತವೆ. ದೇಶದ ಆಸ್ಪತ್ರೆಗಳು ಇಂಥ ವಾರ್ಡ್‌ಗಳಿಗಾಗಿ ಸಾಗಿಸಬಹುದಾದ ಗಾಳಿ ಶುದ್ಧೀಕರಣ ಯಂತ್ರ, ಕೂಲರ್‌ಗಳನ್ನು ಹೊಂದಿಸಿಕೊಳ್ಳಬೇಕಾಯಿತು.

ಇದಕ್ಕೆ ನಕ್ಷೆಯಲ್ಲೇ ತಯಾರಿ ಮಾಡಬಹುದು. ಪ್ರತಿ ತೆರಪಿಗೂ, ಸ್ಥಿರ ಲೂವರಿಗೂ (ಓರೆ ಪಟ್ಟಿಗಳ ಗಾಳಿಕಿಂಡಿ) ಸಹ, ಒಳಗಿನಿಂದ ಮುಚ್ಚುವ ಹಲಗೆ ಇರಬೇಕು. 150 ಘನ ಮೀಟರಿನ ವಾರ್ಡಿಗೆ ಗಂಟೆಗೆ 5 ಸಲ ಶುದ್ಧ ಗಾಳಿ ಕೊಡಲು 750 ಘನ ಮೀಟರ್ ಸಾಮರ್ಥ್ಯದ ಯಂತ್ರ ಬೇಕು; ಅದಕ್ಕೆ ಜಾಗ, ಪ್ಲಗ್, ಜನರೇಟರಿನಲ್ಲಿ ಪಾಲು, ದಾಸ್ತಾನಿಗೊಂದು ಕೋಣೆ ಮೊದಲೇ ಗುರುತಾಗಿರಬೇಕು.

ಬೆಂಗಳೂರಿಗೆ ತಂದರೆ

ನಮ್ಮಲ್ಲೂ ಇದಕ್ಕೆ ಹತ್ತಿರದ ಪ್ರಯತ್ನವಿದೆ. ಮೈಸೂರಿನಲ್ಲಿ 2013ರಲ್ಲಿ ಶುರುವಾದ ನಾರಾಯಣ ಆಸ್ಪತ್ರೆಯಲ್ಲಿ ಥಿಯೇಟರ್, ಐಸಿಯುಗಳಿಗಷ್ಟೇ ಎಸಿ ಇಟ್ಟು ಉಳಿದ ಜಾಗವನ್ನು ಕಿಟಕಿಗೆ ಬಿಟ್ಟರು. ಅದು ವಿಶಾಲ ನಿವೇಶನದ ತಗ್ಗು ಕಟ್ಟಡ. ಬೆಂಗಳೂರಿನ ಇಕ್ಕಟ್ಟಿಗೆ ಯಿಶುನ್‌ನ ಪಾಠ ಹೆಚ್ಚು ಹೊಂದುತ್ತದೆ, ಕೆಲವು ತಿದ್ದುಪಡಿಗಳೊಂದಿಗೆ.

ಬೆಂಗಳೂರಿನಲ್ಲಿ ಬೇಸಿಗೆಯಲ್ಲೂ ಹಗಲು–ರಾತ್ರಿಯ ಅಂತರ ಹತ್ತು ಡಿಗ್ರಿಗೂ ಹೆಚ್ಚು. ಸಿಂಗಪುರಕ್ಕಿಲ್ಲದ ಅನುಕೂಲ ಇದು: ರಾತ್ರಿಯಿಡೀ ಗಾಳಿ ಹಾಯಿಸಿ ಗೋಡೆ, ಚಾವಣಿಯನ್ನು ತಣಿಸಿ, ಮಧ್ಯಾಹ್ನ ತೆರಪನ್ನು ಕಿರಿದು ಮಾಡಬಹುದು. ಆದರೆ ಡಿಸೆಂಬರ್, ಜನವರಿಯ ರಾತ್ರಿ ರೋಗಿಗೆ ಚಳಿಯಾಗುತ್ತದೆ, ಆದ್ದರಿಂದ ಸ್ಥಿರ ಲೂವರ್ ನಡೆಯದು. ಸೂರ್ಯ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನೆತ್ತಿಯಿಂದ ಉತ್ತರಕ್ಕಿರುವುದರಿಂದ ಉತ್ತರದ ಕಿಟಕಿಗೂ ಸಣ್ಣ ಸಜ್ಜಾ ಬೇಕು. ಮುಂಗಾರಿನ ಗಾಳಿ ಪಶ್ಚಿಮದಿಂದ, ಚಳಿಗಾಲದ್ದು ಪೂರ್ವದಿಂದ. ಬಿಸಿಲೂ ಅದೇ ಎರಡು ದಿಕ್ಕಿನದು. ಇಲ್ಲಿ ಗಾಳಿ ಮತ್ತು ನೆರಳು ಒಂದಕ್ಕೊಂದು ಎದುರು ನಿಲ್ಲುತ್ತವೆ. ವಾರ್ಡಿನ ಉದ್ದ ಮುಖವನ್ನು ಉತ್ತರ–ದಕ್ಷಿಣಕ್ಕೇ ಇಟ್ಟು, ಓರೆಯಾಗಿ ಬರುವ ಗಾಳಿಯನ್ನು ರೆಕ್ಕೆಗಳಿಂದ ಒಳಗೆ ತಿರುಗಿಸುವ ಯಿಶುನ್‌ನ ಉಪಾಯ ಇಲ್ಲಿಗೆ ಇನ್ನೂ ಹೆಚ್ಚು ಅಗತ್ಯ. ರಸ್ತೆಯ ಧೂಳು, ಹಾರನ್ ತಪ್ಪಿಸಲು ಕೆಳಗಿನ ಮೂರ್ನಾಲ್ಕು ಮಹಡಿಗಳನ್ನು ಥಿಯೇಟರ್, ಸ್ಕ್ಯಾನಿಂಗ್, ಪ್ರಯೋಗಾಲಯಗಳಿಗೆ ಕೊಟ್ಟು ವಾರ್ಡ್‌ಗಳನ್ನು ಮೇಲಕ್ಕೇರಿಸಬೇಕು.

ವೆಚ್ಚ ಕಡಿತದ ಸಭೆಯಲ್ಲಿ ಮೊದಲು ಕತ್ತರಿ ಬೀಳುವುದು ಈ ರೆಕ್ಕೆಗಳಿಗೆ, ಏಕೆಂದರೆ ಅವು ಅಲಂಕಾರದಂತೆ ಕಾಣುತ್ತವೆ. ಅವುಗಳನ್ನು ನಕ್ಷೆಯ ಪಟ್ಟಿಯಲ್ಲಿ ವಾತಾಯನ ಉಪಕರಣ ಎಂದೇ ನಮೂದಿಸಿ, ತೆಗೆದರೆ ಎಷ್ಟು ಟನ್ ಎಸಿ ಬೇಕಾಗುತ್ತದೆ ಎಂದು ಪಕ್ಕದಲ್ಲೇ ಬರೆದಿಡಬೇಕು. ಕಟ್ಟಡ ಒಪ್ಪಿಸಿಕೊಳ್ಳುವ ಮುನ್ನ ಜಾಲರಿ, ಪರದೆ, ಹಾಸಿಗೆ ಎಲ್ಲ ಹಾಕಿದ ಮೇಲೆ, ಗಾಳಿ ಕಡಿಮೆಯಿರುವ ತಿಂಗಳಲ್ಲಿ, ಪ್ರತಿ ವಾರ್ಡಿನ ಕಿಟಕಿಯ ಬಳಿ, ನಡುವಿನ ಹಾಸಿಗೆಯ ದಿಂಬಿನ ಮಟ್ಟದಲ್ಲಿ, ಕಾರಿಡಾರ್ ತೆರಪಿನಲ್ಲಿ ಗಾಳಿಯ ವೇಗ ಅಳೆಯುವ ಷರತ್ತು ಗುತ್ತಿಗೆಯಲ್ಲಿರಬೇಕು. ಕಾರಿಡಾರ್ ತೆರಪಿನ ಅಂಕಿ ಕಡಿಮೆ ಬಂದರೆ ದೋಷ ಸಾಮಾನ್ಯವಾಗಿ ಹೊರದಾರಿಯಲ್ಲಿರುತ್ತದೆ. ಗೋಡೆ ಒಡೆಯದೆ, ಬಾಗಿಲಿನ ಮೇಲ್ಭಾಗದ ಗಾಜು ತೆಗೆದು ಲೂವರ್ ಹಾಕಿ ಮೊದಲು ಸರಿಪಡಿಸಿ ನೋಡಬಹುದು. ಅಲ್ಲಿ ಬೆಂಕಿ ತಡೆಯುವ ಗೋಡೆಯಿದ್ದರೆ ಮಾತ್ರ ಶಾಖಕ್ಕೆ ತಾನಾಗಿ ಮುಚ್ಚಿಕೊಳ್ಳುವ ಲೂವರ್ ಬೇಕು, ಅದಕ್ಕೆ ಅಗ್ನಿಶಾಮಕ ಇಲಾಖೆಯ ಒಪ್ಪಿಗೆಯೂ ಬೇಕು.